ಸ್ವಂತ ಮೇಘಭಂಡಾರ: ಪ್ಲಗಿನ್ ಮಾರ್ಗವೋ, ಕೈಯಾರೆ ಸ್ಥಾಪನೆಯೋ?

ಚಿತ್ರಗಳು, ಪಾಠದ ಟಿಪ್ಪಣಿಗಳು, ಮುಖ್ಯವಾದ ಕಾಗದಪತ್ರಗಳ ಪ್ರತಿಗಳು ಮೊದಲಾದುವನ್ನು 'ಕ್ಲೌಡ್'ನಲ್ಲಿ ಇರಿಸಿದ್ದೇವೆಂದು ನಾವೆಲ್ಲರೂ ಹೇಳುವುದುಂಟು. ಕ್ಲೌಡ್ ಎಂದರೆ ಮೇಘ. ಹೆಸರನ್ನು ಕೇಳಿದವರಿಗೆ ಅದು ಆಕಾಶದಲ್ಲಿ ತೇಲುವ ವಸ್ತುವೆಂದೇ ತೋರಬಹುದು. ವಾಸ್ತವದಲ್ಲಿ ಅದು ನೆಲದ ಮೇಲೆ, ಎಲ್ಲಿಯೋ ಒಂದು ಕಟ್ಟಡದೊಳಗೆ, ಇನ್ನೊಬ್ಬರ ಒಡೆತನದಲ್ಲಿರುವ ಗಣಕಯಂತ್ರಗಳ ಸಾಲು. ಆ ಇನ್ನೊಬ್ಬರು ಬಾಡಿಗೆಯನ್ನು ಏರಿಸಿದರೆ, ನಿಯಮಗಳನ್ನು ಬದಲಿಸಿದರೆ ಅಥವಾ ನಮ್ಮ ಖಾತೆಯನ್ನೇ ಮುಚ್ಚಿಬಿಟ್ಟರೆ ನಾವು ಮಾಡಬಹುದಾದುದು ಬಹು ಸ್ವಲ್ಪ. ಆದುದರಿಂದ ಇದೇ ಸೌಕರ್ಯವನ್ನು ತಮ್ಮ ಮನೆಯ ಅಥವಾ ಕಾಲೇಜಿನ ಯಂತ್ರವೊಂದರಲ್ಲಿ ಏರ್ಪಡಿಸಿಕೊಳ್ಳಬೇಕೆಂಬ ಹಂಬಲವು ಅನೇಕರಲ್ಲಿ ಹುಟ್ಟಿದೆ. ಹಾಗೆ ಹೊರಟವರಿಗೆ ಮೊದಲನೆಯ ದಿನವೇ ಎರಡು ದಾರಿಗಳು ಎದುರಾಗುವುವು. ಒಂದು, ಸಿದ್ಧವಾಗಿ ಕಟ್ಟಿಟ್ಟ ಪ್ಲಗಿನ್ ಎಂಬ ಪೊಟ್ಟಣವನ್ನು ಒಂದು ಗುಂಡಿಯನ್ನೊತ್ತಿ ಇಳಿಸಿಕೊಳ್ಳುವುದು. ಇನ್ನೊಂದು, ಬೇಕಾದ ಭಾಗಗಳನ್ನೆಲ್ಲ ಒಂದೊಂದಾಗಿ ತಂದು ಕೈಯಾರೆ ಜೋಡಿಸುವುದು. ಇವೆರಡರಲ್ಲಿ ಯಾವುದನ್ನು ಆರಿಸಬೇಕೆಂಬುದೇ ಈ ಲೇಖನದ ವಿಷಯ.

ಮೊದಲು ಸ್ಥಾಪಿಸತಕ್ಕ ವಸ್ತುವೇನೆಂಬುದನ್ನು ತಿಳಿಯೋಣ. 2010ರ ಜನವರಿಯಲ್ಲಿ ಜರ್ಮನಿಯ ಫ್ರಾಂಕ್ ಕಾರ್ಲಿಚೆಕ್ ಎಂಬವರು 'ಓನ್‌ಕ್ಲೌಡ್' ಎಂಬ ಮುಕ್ತ ತಂತ್ರಾಂಶದ ಯೋಜನೆಯನ್ನು ಪ್ರಕಟಿಸಿದರು. ಆರು ವರ್ಷಗಳ ತರುವಾಯ, 2016ರಲ್ಲಿ, ಅವರೇ ಆ ಸಂಸ್ಥೆಯಿಂದ ಹೊರಬಂದು ಅದೇ ಮೂಲದಿಂದ 'ನೆಕ್ಸ್ಟ್‌ಕ್ಲೌಡ್' ಎಂಬ ಕವಲನ್ನು ಆರಂಭಿಸಿದರು. ಇಂದು ಮನೆಗಳಲ್ಲಿ ಹೆಚ್ಚಾಗಿ ಸ್ಥಾಪಿತವಾಗುವುದು ಈ ಎರಡನೆಯದು. ಹೊರಗಿನಿಂದ ನೋಡುವವರಿಗೆ ಅದು ಒಂದೇ ವಸ್ತುವಿನಂತೆ ಕಂಡರೂ ಒಳಗೆ ಹಲವು ಭಾಗಗಳ ಕೂಟ. ಬಾಗಿಲಲ್ಲಿ ನಿಂತು ಕೋರಿಕೆಗಳನ್ನು ಸ್ವೀಕರಿಸುವ ವೆಬ್ ಸರ್ವರ್ ಒಂದು. ಇದು ಅಪಾಚೆ ಆಗಿರಬಹುದು, ಎಂಜಿನ್‌ಎಕ್ಸ್ ಆಗಿರಬಹುದು. ನೆಕ್ಸ್ಟ್‌ಕ್ಲೌಡ್ ಬರೆಯಲ್ಪಟ್ಟಿರುವ ಪಿಎಚ್‌ಪಿ ಭಾಷೆಯನ್ನು ಓದಿ ನಡೆಯಿಸುವ ಯಂತ್ರಾಂಗವು ಎರಡನೆಯದು. ಯಾವ ಫೈಲು ಯಾರದು, ಯಾರೊಡನೆ ಹಂಚಲ್ಪಟ್ಟಿದೆ, ಎಂದು ಬದಲಾಯಿತು ಎಂಬ ಲೆಕ್ಕವನ್ನು ಇಡುವ ಡೇಟಾಬೇಸು ಮೂರನೆಯದು. ಸಾಮಾನ್ಯವಾಗಿ ಮರಿಯಾಡಿಬಿ ಅಥವಾ ಪೋಸ್ಟ್‌ಗ್ರೆಸ್. ಇವಲ್ಲದೆ ಪದೇ ಪದೇ ಬೇಕಾಗುವುದನ್ನು ನೆನಪಿನಲ್ಲಿರಿಸುವ ರೆಡಿಸ್, ಐದು ನಿಮಿಷಕ್ಕೊಮ್ಮೆ ಎದ್ದು ಬಾಕಿ ಕೆಲಸಗಳನ್ನು ತೀರಿಸುವ ಕ್ರಾನ್, ಸಂಪರ್ಕವನ್ನು ಗುಪ್ತವಾಗಿಡುವ ಪ್ರಮಾಣಪತ್ರ. ಕಟ್ಟಕಡೆಗೆ ನಮ್ಮ ಫೈಲುಗಳು. ಇಷ್ಟೆಲ್ಲ ಕೂಟದಲ್ಲಿ ನಿಜವಾಗಿಯೂ ನಮ್ಮದೆಂಬುದು ಈ ಕೊನೆಯದು ಮತ್ತು ಅದರ ಲೆಕ್ಕವಿರುವ ಡೇಟಾಬೇಸು ಮಾತ್ರ. ಮಿಕ್ಕುದೆಲ್ಲವನ್ನೂ ಯಾವಾಗ ಬೇಕಾದರೂ ಮತ್ತೆ ಇಳಿಸಿಕೊಳ್ಳಬಹುದು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ನಮ್ಮ ಕೋರಿಕೆ. ಮುಂದಿನ ವಾದವೆಲ್ಲ ಇದರ ಮೇಲೆಯೇ ನಿಂತಿದೆ.

ಈಗ ಇದಕ್ಕೆ ಮನೆ ಬೇಕು. ಉದಾಹರಣೆಗಾಗಿ ನಾವು ಫ್ರೀನಾಸ್ ಎಂಬುದನ್ನು ತೆಗೆದುಕೊಳ್ಳುವೆವು. ಪ್ಲಗಿನ್ನಿನ ಗುಣದೋಷಗಳೆರಡೂ ಅದರ ಚರಿತ್ರೆಯಲ್ಲಿ ಸ್ಪಷ್ಟವಾಗಿ ಕಾಣಬರುವುದೇ ಇದಕ್ಕೆ ಕಾರಣ. ಫ್ರಾನ್ಸಿನ ಒಲಿವಿಯೆ ಕೋಶಾರ್-ಲಾಬೆಯವರು 2005ರಲ್ಲಿ ಆರಂಭಿಸಿದ ಈ ವ್ಯವಸ್ಥೆಯು ಹಳೆಯ ಗಣಕವೊಂದನ್ನು ಫೈಲುಗಳ ಉಗ್ರಾಣವನ್ನಾಗಿ ಮಾಡಬಲ್ಲುದು. 2020ರಲ್ಲಿ ಅದರ ಹೆಸರು ಟ್ರೂನಾಸ್ ಕೋರ್ ಎಂದು ಬದಲಾಯಿತು. ಅದರ ತಳಹದಿ ಫ್ರೀಬಿಎಸ್‌ಡಿ ಎಂಬ ಕಾರ್ಯವ್ಯವಸ್ಥೆ. ಡಿಸ್ಕುಗಳನ್ನು ಆಳುವುದು ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿ ಹುಟ್ಟಿದ ಝಡ್‌ಎಫ್‌ಎಸ್. ಫ್ರೀಬಿಎಸ್‌ಡಿಯಲ್ಲಿ 'ಜೈಲ್' ಎಂಬ ಏರ್ಪಾಡೊಂದುಂಟು. 2000ದಲ್ಲಿ ಬಂದ ನಾಲ್ಕನೆಯ ಆವೃತ್ತಿಯಲ್ಲಿ ಪೌಲ್-ಹೆನ್ನಿಂಗ್ ಕಾಂಪ್ ಎಂಬ ಡೇನಿಷ್ ತಂತ್ರಜ್ಞರು ಇದನ್ನು ತಂದರು. ಒಂದೇ ಯಂತ್ರದೊಳಗೆ ಗೋಡೆ ಕಟ್ಟಿ, ಒಳಗಿರುವ ಕ್ರಮವಿಧಿಗೆ ತಾನೇ ಇಡೀ ಯಂತ್ರದ ಒಡೆಯನೆಂಬ ಭ್ರಮೆಯನ್ನು ಕೊಟ್ಟು, ಹೊರಗಿನ ಯಾವುದನ್ನೂ ಮುಟ್ಟದಂತೆ ತಡೆಯುವುದು ಇದರ ಕೆಲಸ. ಸೆರೆಮನೆಯೆಂಬ ಹೆಸರು ಕಠೋರವಾದರೂ ಅನ್ವರ್ಥವೇ ಸರಿ. ಲೋಕಕ್ಕೆ ತೆರೆದ ಬಾಗಿಲುಳ್ಳ ನೆಕ್ಸ್ಟ್‌ಕ್ಲೌಡನ್ನು ಇಂತಹ ಜೈಲಿನೊಳಗಿರಿಸಿದರೆ, ಕಳ್ಳನು ಒಳನುಗ್ಗಿದರೂ ಆ ಕೋಣೆಯಿಂದಾಚೆಗೆ ಕಾಲಿಡುವುದು ಕಷ್ಟ.

ಪ್ಲಗಿನ್ ಎಂಬುದು ಬೇರೇನೂ ಅಲ್ಲ. ಇಂತಹ ಜೈಲೊಂದನ್ನು ಕಟ್ಟಿ, ಅದರೊಳಗೆ ಮೇಲೆ ಹೇಳಿದ ಭಾಗಗಳನ್ನೆಲ್ಲ ತಂದಿಟ್ಟು, ಒಂದಕ್ಕೊಂದು ಪರಿಚಯ ಮಾಡಿಸಿಕೊಡುವ ಸೂಚನಾಪಟ್ಟಿ. ಯಾರೋ ಒಬ್ಬರು ಅದನ್ನು ಬರೆದಿದ್ದಾರೆ; ನಾವು ಗುಂಡಿಯನ್ನೊತ್ತಿದಾಗ ಯಂತ್ರವು ಅದನ್ನು ಓದಿ ಹಾಗೆಯೇ ನಡೆಯುವುದು. ಕೆಲವು ನಿಮಿಷಗಳಲ್ಲಿ ಪರದೆಯ ಮೇಲೆ ಪ್ರವೇಶದ ಪುಟವು ಮೂಡುವುದು. ಕೈಯಾರೆ ಮಾಡುವವನಾದರೋ ಜೈಲನ್ನು ತಾನೇ ಕಟ್ಟಬೇಕು. ವೆಬ್ ಸರ್ವರ್, ಪಿಎಚ್‌ಪಿ, ಡೇಟಾಬೇಸುಗಳನ್ನು ಒಂದೊಂದಾಗಿ ಇಳಿಸಬೇಕು. ಡೇಟಾಬೇಸಿನಲ್ಲಿ ಬಳಕೆದಾರನೊಬ್ಬನನ್ನು ಸೃಷ್ಟಿಸಿ ಪಾಸ್‌ವರ್ಡ್ ಕೊಡಬೇಕು. ನೆಕ್ಸ್ಟ್‌ಕ್ಲೌಡಿನ ಕಟ್ಟನ್ನು ತಂದು ಅದು ದಾರಿಯಲ್ಲಿ ಕೆಟ್ಟಿಲ್ಲವೆಂಬುದನ್ನು ಪರೀಕ್ಷಿಸಿ ಬಿಚ್ಚಬೇಕು. ಯಾವ ವಿಳಾಸದಿಂದ ಬಂದವರನ್ನು ಒಳಗೆ ಬಿಡಬೇಕೆಂಬುದನ್ನು ಬರೆಯಬೇಕು. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯಿಂದ 90 ದಿನಗಳ ಅವಧಿಯ ಪ್ರಮಾಣಪತ್ರವನ್ನು ಪಡೆದು, ಅದು ತಾನೇ ನವೀಕರಣಗೊಳ್ಳುವಂತೆ ಏರ್ಪಡಿಸಬೇಕು. ಅಭ್ಯಾಸವಿಲ್ಲದವನಿಗೆ ಒಂದು ಭಾನುವಾರ ಸಾಲದು. ಇಷ್ಟನ್ನೇ ನೋಡಿದರೆ ಪ್ಲಗಿನ್ನೇ ಗೆದ್ದಿತೆಂದು ಯಾರಾದರೂ ಹೇಳಿಯಾರು. ಆದರೆ ಸ್ಥಾಪನೆಯು ಒಂದು ದಿನದ ಕೆಲಸ. ಭಂಡಾರವು ಹತ್ತು ವರ್ಷ ಬಾಳತಕ್ಕದ್ದು.

ಪ್ಲಗಿನ್ನಿನ ವಿಷಯದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ: ನಮ್ಮ ಫೈಲುಗಳು ಎಲ್ಲಿ ಕುಳಿತಿವೆ? ಅವಸರದಿಂದ ಸ್ಥಾಪಿಸಿದವನ ಫೈಲುಗಳು ಬಹುಮಟ್ಟಿಗೆ ಜೈಲಿನ ಒಳಗೇ ಇರುತ್ತವೆ. ಮುಂದೊಂದು ದಿನ ಏನೋ ಕೆಟ್ಟಿತೆಂದು, 'ಇದನ್ನು ಅಳಿಸಿ ಹೊಸದಾಗಿ ಹಾಕೋಣ' ಎಂದು ಅವನು ಪ್ಲಗಿನ್ನನ್ನು ಅಳಿಸುವನು. ಜೈಲು ಹೋಗುವುದು, ಅದರೊಳಗಿದ್ದ ಐದು ವರ್ಷಗಳ ಚಿತ್ರಗಳೂ ಅದರೊಡನೆಯೇ ಹೋಗುವುವು. ಯಂತ್ರವು ತಪ್ಪು ಮಾಡಲಿಲ್ಲ. ಅಳಿಸೆಂದು ಹೇಳಿದುದನ್ನು ಅಳಿಸಿತು. ಇದಕ್ಕೆ ಪರಿಹಾರವು ಸುಲಭ. ಝಡ್‌ಎಫ್‌ಎಸ್‌ನಲ್ಲಿ ಫೈಲುಗಳಿಗಾಗಿ ಒಂದು, ಡೇಟಾಬೇಸಿಗಾಗಿ ಇನ್ನೊಂದು, ಹೀಗೆ ಪ್ರತ್ಯೇಕ ಡೇಟಾಸೆಟ್‌ಗಳನ್ನು ಜೈಲಿನ ಹೊರಗೆ ನಿರ್ಮಿಸಿ, ಅವನ್ನು ಕಿಟಕಿಯ ಮೂಲಕವೆಂಬಂತೆ ಜೈಲಿನೊಳಗೆ ಕಾಣಿಸುವುದು. ಆಗ ಜೈಲು ಅಳಿದರೂ ಭಂಡಾರ ಉಳಿಯುವುದು. ಪ್ಲಗಿನ್ ಮಾರ್ಗದಲ್ಲಿಯೂ ಇದನ್ನು ಮಾಡಬಹುದು. ಮಾಡಬೇಕೆಂದು ಮೊದಲೇ ತಿಳಿದಿರಬೇಕು, ಅಷ್ಟೇ. ಕೈಯಾರೆ ಮಾಡುವವನಾದರೋ 'ಫೈಲುಗಳ ಸ್ಥಳ ಯಾವುದು?' ಎಂಬ ಪ್ರಶ್ನೆಗೆ ತಾನೇ ಉತ್ತರ ಬರೆಯದೆ ಮುಂದಕ್ಕೆ ಹೋಗಲಾರನು.

ಇಲ್ಲಿ ಒಂದು ಸಣ್ಣ ತೊಡಕನ್ನು ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಅನೇಕರು ಇಲ್ಲಿಯೇ ಕಾಲು ಜಾರುವರು. ಫೈಲೊಂದರ ಒಡೆಯನು ಯಾರೆಂಬುದನ್ನು ಯಂತ್ರವು ಹೆಸರಿನಿಂದಲ್ಲ, ಸಂಖ್ಯೆಯಿಂದ ಗುರುತಿಸುವುದು. ಫ್ರೀಬಿಎಸ್‌ಡಿಯಲ್ಲಿ ವೆಬ್ ಸರ್ವರ್‌ನ ಬಳಕೆದಾರನ ಸಂಖ್ಯೆ 80. ಡೆಬಿಯನ್ ಎಂಬ ಲಿನಕ್ಸಿನಲ್ಲಿ ಅದೇ ಕೆಲಸದವನ ಸಂಖ್ಯೆ 33. ಒಂದರಿಂದ ಇನ್ನೊಂದಕ್ಕೆ ಡಿಸ್ಕನ್ನು ಸಾಗಿಸಿದಾಗ ಫೈಲುಗಳೆಲ್ಲ ಇದ್ದಲ್ಲೇ ಇದ್ದರೂ ನೆಕ್ಸ್ಟ್‌ಕ್ಲೌಡಿಗೆ ಓದಲು ಅಧಿಕಾರವಿಲ್ಲದೆ ಹೋಗುವುದು. ನೋಡಿದವನು ಎಲ್ಲ ನಾಶವಾಯಿತೆಂದು ಗಾಬರಿಗೊಳ್ಳುವನು. ಒಡೆತನದ ಸಂಖ್ಯೆಯನ್ನು ತಿದ್ದಿದರೆ ಎಲ್ಲವೂ ಮೊದಲಿನಂತೆ.

ಎರಡನೆಯ ಪ್ರಶ್ನೆ ರಕ್ಷಣೆಯದು. ಇದರಲ್ಲಿ ಎರಡು ನಿಜವಾದ ಪ್ರಸಂಗಗಳನ್ನು ನೋಡುವುದು ಲಾಭಕರ. 2019ರ ಅಕ್ಟೋಬರಿನಲ್ಲಿ ಪಿಎಚ್‌ಪಿಯ 'ಎಫ್‌ಪಿಎಂ' ಎಂಬ ಭಾಗದಲ್ಲಿ ಒಂದು ಬಿರುಕು ಬಯಲಾಯಿತು. ಅದು ಎಂಜಿನ್‌ಎಕ್ಸ್ ವೆಬ್ ಸರ್ವರ್‌ನೊಡನೆ ಒಂದು ನಿರ್ದಿಷ್ಟ ರೀತಿಯಲ್ಲಿ ಜೋಡಿಸಲ್ಪಟ್ಟಿದ್ದರೆ, ವಿಳಾಸದಲ್ಲಿ ಹೊಸಸಾಲಿನ ಸಂಕೇತವೊಂದನ್ನು ತೂರಿಸಿದ ಪರಕೀಯನು ಯಂತ್ರದೊಳಗೆ ತನ್ನ ಆಜ್ಞೆಗಳನ್ನು ನಡೆಯಿಸಬಹುದಾಗಿತ್ತು. ನೆಕ್ಸ್ಟ್‌ಕ್ಲೌಡ್ ಸಂಸ್ಥೆಯು ಅದೇ ತಿಂಗಳು ಎಚ್ಚರಿಕೆಯನ್ನು ಹೊರಡಿಸಿ, ಪಿಎಚ್‌ಪಿಯನ್ನು ನವೀಕರಿಸಿ ಎಂಜಿನ್‌ಎಕ್ಸ್‌ನ ಜೋಡಣೆಯ ಕಡತವನ್ನೂ ತಿದ್ದಬೇಕೆಂದು ತಿಳಿಸಿತು. ನವೆಂಬರ್ ತಿಂಗಳಲ್ಲಿ 'ನೆಕ್ಸ್ಟ್‌ಕ್ರೈ' ಎಂಬ ಒತ್ತೆಹಣದ ಕ್ರಮವಿಧಿಯು ಕಾಣಿಸಿಕೊಂಡಿತು. ಅದು ಭಂಡಾರಗಳೊಳಗೆ ಹೊಕ್ಕು, ಫೈಲುಗಳನ್ನು ಓದಲಾಗದ ಗುಪ್ತಲಿಪಿಗೆ ಮಾರ್ಪಡಿಸಿ, ಬಿಡುಗಡೆಗೆ ಹಣ ಕೇಳಿತು. ಈ ಪ್ರಸಂಗದಲ್ಲಿ ನಮಗೆ ಮುಖ್ಯವೆನಿಸುವುದು ಇದು: ಎಚ್ಚರಿಕೆಯನ್ನು ಓದಿದವನಿಗೆ ತನ್ನ ಜೈಲಿನೊಳಗೆ ಇರುವುದು ಅಪಾಚೆಯೋ ಎಂಜಿನ್‌ಎಕ್ಸೋ ಎಂಬುದು ಗೊತ್ತಿರಬೇಕಾಗಿತ್ತು. ಕೈಯಾರೆ ಕಟ್ಟಿದವನಿಗೆ ಅದು ಗೊತ್ತು. ಗುಂಡಿಯನ್ನೊತ್ತಿ ಮರೆತವನಿಗೆ ಆ ಸುದ್ದಿಯು ತನಗೆ ಸಂಬಂಧಿಸಿದುದೆಂದೇ ತಿಳಿಯಲಾರದು.

ಎರಡನೆಯ ಪ್ರಸಂಗ 2023ರ ನವೆಂಬರ್ 21ರಂದು ಓನ್‌ಕ್ಲೌಡ್ ಪ್ರಕಟಿಸಿದ್ದು. 'ಗ್ರಾಫ್ ಎಪಿಐ' ಎಂಬ ಅದರ ಉಪಾಂಗವು ಹೊರಗಿನಿಂದ ತಂದುಕೊಂಡಿದ್ದ ಗ್ರಂಥಾಲಯವೊಂದರಲ್ಲಿ, ಪಿಎಚ್‌ಪಿಯ ಪರಿಸರದ ವಿವರಗಳನ್ನೆಲ್ಲ ಕೇಳಿದವರಿಗೆ ತೋರಿಸಿಬಿಡುವ ಪುಟ್ಟ ಕಡತವೊಂದಿತ್ತು. ಕೈಯಾರೆ ಮಾಡಿದ ಸ್ಥಾಪನೆಯಲ್ಲಿ ಅದರಿಂದ ಹೊರಬೀಳುತ್ತಿದ್ದುದು ಕೆಲವು ಸಾಮಾನ್ಯ ಸಂಗತಿಗಳು. ಆದರೆ ಕಂಟೇನರ್ ಎಂಬ ಸಿದ್ಧಪೊಟ್ಟಣದ ಕ್ರಮದಲ್ಲಿ, ಆಡಳಿತಗಾರನ ಪಾಸ್‌ವರ್ಡ್ ಮೊದಲಾದ ಗುಟ್ಟುಗಳನ್ನು ಪರಿಸರದ ಚರಾಂಶಗಳ ಮೂಲಕವೇ ಒಳಗೆ ಕಳುಹಿಸುವ ವಾಡಿಕೆ. ಆದುದರಿಂದ ಅಲ್ಲಿ ಕೀಲಿಕೈಯೇ ಬೀದಿಗೆ ಬೀಳುವ ಸಂಭವವಿತ್ತು. ಉಪಾಂಗವನ್ನು ಸುಮ್ಮನೆ ನಿಷ್ಕ್ರಿಯಗೊಳಿಸಿದರೆ ಸಾಲದು, ಆ ಕಡತವನ್ನೇ ಅಳಿಸಿ ಪಾಸ್‌ವರ್ಡುಗಳನ್ನು ಬದಲಿಸಬೇಕೆಂದು ಸೂಚಿಸಲಾಯಿತು. ಸಿದ್ಧಪೊಟ್ಟಣವು ಅಪಾಯವೆಂದಾಗಲಿ ಕೈಯಾರೆ ಕಟ್ಟಿದ್ದು ಕ್ಷೇಮವೆಂದಾಗಲಿ ನಾವು ಹೇಳುತ್ತಿಲ್ಲ. ಒಂದೊಂದು ಕ್ರಮಕ್ಕೂ ಅದರದೇ ಆದ ಬಿರುಕುಗಳುಂಟು. ನಾಲ್ಕು ತಿಂಗಳು ನವೀಕರಿಸದೆ ಬಿಟ್ಟ ಕೈಕೆಲಸಕ್ಕಿಂತ, ಹುಟ್ಟಿಸಿದವರು ಶ್ರದ್ಧೆಯಿಂದ ನೋಡಿಕೊಳ್ಳುವ ಪ್ಲಗಿನ್ ಎಷ್ಟೋ ಮೇಲು.

ನವೀಕರಣದ ಮಾತು ಬಂದುದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿಯೇ ವಿಚಾರಿಸೋಣ. ನೆಕ್ಸ್ಟ್‌ಕ್ಲೌಡಿನಲ್ಲಿ ದೊಡ್ಡ ಆವೃತ್ತಿಗಳ ಮೆಟ್ಟಿಲುಗಳನ್ನು ಹಾರಿ ಏರುವಂತಿಲ್ಲ, ಒಂದೊಂದಾಗಿ ಏರಬೇಕು. ಪ್ರತಿ ಮೆಟ್ಟಿಲಿನಲ್ಲಿಯೂ ಡೇಟಾಬೇಸಿನ ರಚನೆಯು ಸ್ವಲ್ಪ ಸ್ವಲ್ಪ ಮಾರ್ಪಾಡಾಗುವುದೇ ಇದಕ್ಕೆ ಕಾರಣ. ಅದರ ಜೊತೆಗೆ ಪಿಎಚ್‌ಪಿಯೂ ತನ್ನದೇ ಮೆಟ್ಟಿಲುಗಳನ್ನು ಏರುತ್ತಿರುವುದು. ಒಂದು ಲೆಕ್ಕವನ್ನು ಬಿಡಿಸಿ ನೋಡಿರಿ. ಒಬ್ಬನ ಬಳಿ ನೆಕ್ಸ್ಟ್‌ಕ್ಲೌಡ್ 23 ಮತ್ತು ಪಿಎಚ್‌ಪಿ 7.4 ಇವೆ, ಅವನಿಗೆ 26 ಬೇಕು. 26ನೆಯ ಆವೃತ್ತಿಯು ಪಿಎಚ್‌ಪಿ 7.4ರ ಮೇಲೆ ನಡೆಯದು, 8.0 ಅಥವಾ ಅದರ ಮೇಲಿನದು ಬೇಕು. ಹಾಗಾದರೆ ಮೊದಲೇ ಪಿಎಚ್‌ಪಿಯನ್ನು 8.1ಕ್ಕೆ ಏರಿಸಿಬಿಡೋಣವೆಂದರೆ, 23 ಅದನ್ನು ಒಪ್ಪದು. ಇನ್ನೇನು ದಾರಿ? 24 ಮತ್ತು 25 ಇವೆರಡೂ 7.4ನ್ನೂ 8.1ನ್ನೂ ಒಪ್ಪುವುವು. ಆದುದರಿಂದ 7.4ರ ಮೇಲೆಯೇ 24ಕ್ಕೆ, ಅಲ್ಲಿಂದ 25ಕ್ಕೆ ಏರಿ, ಅಲ್ಲಿ ನಿಂತು ಪಿಎಚ್‌ಪಿಯನ್ನು 8.1ಕ್ಕೆ ಬದಲಿಸಿ, ತರುವಾಯ 26ಕ್ಕೆ ಕಾಲಿಡಬೇಕು. ಎರಡು ಏಣಿಗಳ ನಡುವೆ ಸೇತುವೆಯಿರುವ ಮೆಟ್ಟಿಲನ್ನು ಹುಡುಕುವುದೇ ಈ ಲೆಕ್ಕದ ಗುಟ್ಟು. ಕೈಯಾರೆ ಕಟ್ಟಿದವನು ಇದನ್ನು ತಾನೇ ಹುಡುಕಬೇಕು. ಕಷ್ಟವೇನೋ ನಿಜ, ಆದರೆ ಹುಡುಕಬಲ್ಲನು. ಪ್ಲಗಿನ್ನಿನಲ್ಲಿ ಅದರ ಕರ್ತೃ ಹುಡುಕಿಕೊಡುವನು. ಕೊಟ್ಟರೆ ಬಹಳ ಸುಖ. ಕೊಡುವುದನ್ನು ನಿಲ್ಲಿಸಿದರೆ?

ಇದು ಊಹೆಯ ಪ್ರಶ್ನೆಯಲ್ಲ. ಟ್ರೂನಾಸ್ ಕೋರ್‌ನ ಪ್ಲಗಿನ್ ವ್ಯವಸ್ಥೆಯು ಕ್ರಮೇಣ ಆರೈಕೆಯಿಲ್ಲದೆ ಸೊರಗಿ, 2024ರ 13.3 ಆವೃತ್ತಿಯಲ್ಲಿ ಅದನ್ನು ತೆಗೆದೇಹಾಕಲಾಯಿತು. ಜೈಲುಗಳು ಮಾತ್ರ ಉಳಿದುವು. ಅಂದರೆ ಜೈಲನ್ನು ಕೈಯಾರೆ ಕಟ್ಟಿಕೊಂಡಿದ್ದವನ ಭಂಡಾರವು ಮೊದಲಿನಂತೆಯೇ ನಡೆಯಿತು. ಗುಂಡಿಯನ್ನು ನೆಚ್ಚಿದ್ದವನಿಗೆ ಗುಂಡಿಯೇ ಇಲ್ಲವಾಯಿತು. ಅದೇ ಸಂಸ್ಥೆಯು ಲಿನಕ್ಸಿನ ಮೇಲೆ ಕಟ್ಟಿ 2022ರಲ್ಲಿ ಹೊರತಂದ ಟ್ರೂನಾಸ್ ಸ್ಕೇಲ್‌ನಲ್ಲಿ ಪ್ಲಗಿನ್ನುಗಳ ಸ್ಥಾನವನ್ನು 'ಆ್ಯಪ್'ಗಳು ಹಿಡಿದುವು. ಅವೂ ಮೊದಲು ಕುಬರ್‌ನೆಟೀಸ್ ಎಂಬ ವ್ಯವಸ್ಥೆಯ ಮೇಲೆ ನಿಂತಿದ್ದು, 2024ರ ಅಕ್ಟೋಬರಿನ 24.10 ಆವೃತ್ತಿಯಲ್ಲಿ ಡಾಕರ್‌ಗೆ ವರ್ಗವಾದುವು. ಎರಡು ವರ್ಷ ಎಂಟು ತಿಂಗಳೊಳಗೆ ಅಡಿಪಾಯವೇ ಬದಲಾಯಿತೆಂದಾಯಿತು. ಇಂತಹ ಬದಲಾವಣೆಗಳಿಗೆ ತಯಾರಕರಲ್ಲಿ ಸಕಾರಣಗಳಿರಬಹುದು. ನಾವು ಅವರನ್ನು ದೂರುವುದಿಲ್ಲ. ಆದರೆ ಭಂಡಾರದ ಆಯುಸ್ಸು ಗುಂಡಿಯ ಆಯುಸ್ಸಿಗಿಂತ ದೀರ್ಘವೆಂಬುದು ಇದರಿಂದ ಗೊತ್ತಾಗುವುದು.

ವೇಗದ ಪ್ರಶ್ನೆಯನ್ನೂ ಕೆಲವರು ಎತ್ತುವರು. ಮರಿಯಾಡಿಬಿಯು ತನ್ನ ಲೆಕ್ಕವನ್ನು 16 ಕಿಲೋಬೈಟುಗಳ ಪುಟಗಳಲ್ಲಿ ಬರೆಯುವುದು. ಝಡ್‌ಎಫ್‌ಎಸ್ ಡೇಟಾಸೆಟ್ಟಿನ ವಾಡಿಕೆಯ ತುಂಡು 128 ಕಿಲೋಬೈಟು. ಒಂದು ಪುಟವನ್ನು ತಿದ್ದಲು ಅದರ ಎಂಟುಪಟ್ಟು ದೊಡ್ಡ ತುಂಡನ್ನು ಮತ್ತೆ ಬರೆಯಬೇಕಾಗುವುದು. ಡೇಟಾಬೇಸಿನ ಡೇಟಾಸೆಟ್ಟಿಗೆ ತುಂಡಿನ ಅಳತೆಯನ್ನು 16 ಎಂದು ನಿಗದಿಮಾಡಿದರೆ ಈ ದಂಡ ತಪ್ಪುವುದು. ಕಾಲೇಜಿನ ಇನ್ನೂರು ಮಂದಿಗೆ ಇದು ಉಪಯುಕ್ತ. ನಾಲ್ಕು ಜನರ ಸಂಸಾರಕ್ಕೆ ಇದರಿಂದ ಆಗುವ ವ್ಯತ್ಯಾಸವನ್ನು ಅವರು ಕಾಣಲಾರರು. ಇದೊಂದಕ್ಕಾಗಿ ಕೈಯಾರೆ ಸ್ಥಾಪನೆಯನ್ನು ಆರಿಸುವುದು ವ್ಯರ್ಥ ಶ್ರಮ.

ಇನ್ನು ಎರಡು ಮಾರ್ಗಗಳೂ ಬಿಡಿಸಲಾರದ ಗಂಟೊಂದುಂಟು. ನಮ್ಮ ದೇಶದ ಅನೇಕ ಮನೆಗಳ ಅಂತರ್ಜಾಲ ಸಂಪರ್ಕಕ್ಕೆ ಪ್ರತ್ಯೇಕವಾದ ಬಹಿರಂಗ ವಿಳಾಸವಿರುವುದಿಲ್ಲ. ಹಲವು ಮನೆಗಳು ಒಂದೇ ವಿಳಾಸವನ್ನು ಹಂಚಿಕೊಂಡಿರುತ್ತವೆ. ಅಂತಹ ಮನೆಯ ಭಂಡಾರವನ್ನು ಊರ ಹೊರಗಿನಿಂದ ನೇರವಾಗಿ ತಲಪಲಾಗದು. ಸೇವೆ ಒದಗಿಸುವವರಿಂದ ಸ್ಥಿರ ವಿಳಾಸವನ್ನು ಪಡೆಯಬೇಕು, ಇಲ್ಲವೆ ಹೊರಗಿನ ಸಣ್ಣ ಸರ್ವರ್ ಒಂದರ ಮೂಲಕ ಸುರಂಗ ಕೊರೆಯಬೇಕು. ಪ್ಲಗಿನ್ ಹಾಕಿದೊಡನೆ ಇದೂ ತಾನೇ ಸರಿಹೋಗುವುದೆಂದು ತಿಳಿದವರು ನಿರಾಶರಾಗುವರು.

ಹಾಗಾದರೆ ನಮ್ಮ ಅಭಿಪ್ರಾಯವೇನು? ನೆಕ್ಸ್ಟ್‌ಕ್ಲೌಡ್ ಎಂದರೇನೆಂದು ರುಚಿನೋಡಬಯಸುವ ವಿದ್ಯಾರ್ಥಿಗೆ ಸಿದ್ಧಪೊಟ್ಟಣವೇ ಸಾಕು. ಅಳಿದರೆ ಅಳುವಂತಹ ಯಾವುದನ್ನೂ ಅದರಲ್ಲಿ ಇಡದಿರಲಿ. ಮನೆಮಂದಿಯ ಚಿತ್ರಗಳನ್ನೋ ಸಂಘದ ದಾಖಲೆಗಳನ್ನೋ ಅದಕ್ಕೆ ಒಪ್ಪಿಸುವ ದಿನ ಬಂದಾಗ, ಒಮ್ಮೆಯಾದರೂ ಕೈಯಾರೆ ಕಟ್ಟಿ ನೋಡಿರಲೇಬೇಕು. ಆಮೇಲೆ ಮತ್ತೆ ಸಿದ್ಧಪೊಟ್ಟಣಕ್ಕೇ ಮರಳಿದರೂ ಬಾಧಕವಿಲ್ಲ. ಒಳಗಿನ ನಕ್ಷೆಯು ಆಗ ತಲೆಯಲ್ಲಿರುವುದು. ಮನೆಯಲ್ಲಿ ನೋಡಿಕೊಳ್ಳುವವನು ಒಬ್ಬನೇ ಆಗಿದ್ದು, ಅವನೂ ಬೇರೆ ಊರಿಗೆ ಓದಲು ಹೊರಡುವವನಾದರೆ, ಪ್ಲಗಿನ್ನಿನ ಪರವಾಗಿ ವಾದವು ಇನ್ನಷ್ಟು ಬಲಗೊಳ್ಳುವುದು: ಕೈಯಾರೆ ಕಟ್ಟಿದ್ದು ಕೆಟ್ಟರೆ ಅದನ್ನು ಸರಿಪಡಿಸಬಲ್ಲವನು ಆ ಒಬ್ಬನೇ. ಕೈಯಾರೆ ಮಾಡುವವರು ಪ್ರತಿಯೊಂದು ಆಜ್ಞೆಯನ್ನೂ ಪುಸ್ತಕವೊಂದರಲ್ಲಿ ಬರೆದಿಡುವುದು ಇದಕ್ಕಾಗಿಯೇ ಅವಶ್ಯಕ; ಆ ಪುಸ್ತಕವು ಭಂಡಾರದೊಳಗೇ ಇರಬಾರದೆಂದು ಬೇರೆ ಹೇಳಬೇಕಾಗಿಲ್ಲ.

ಯಾವ ಮಾರ್ಗದವರಿಗೂ ತಪ್ಪದ ಅಭ್ಯಾಸವೊಂದನ್ನು ಹೇಳಿ ಮುಗಿಸುವೆವು. ನವೀಕರಣಕ್ಕೆ ಮುಂಚೆ ನೆಕ್ಸ್ಟ್‌ಕ್ಲೌಡನ್ನು ದುರಸ್ತಿ ಸ್ಥಿತಿಗೆ ತಂದು, ಯಾರೂ ಬರೆಯದಂತೆ ತಡೆದು, ಡೇಟಾಬೇಸನ್ನು ಪ್ರತ್ಯೇಕ ಕಡತವೊಂದಕ್ಕೆ ಇಳಿಸಿ, ಬಳಿಕ ಜೈಲು, ಡೇಟಾಬೇಸು, ಫೈಲುಗಳು ಈ ಮೂರರ ಸ್ನ್ಯಾಪ್‌ಶಾಟ್‌ಗಳನ್ನೂ ಒಂದೇ ಹೊತ್ತಿನಲ್ಲಿ ತೆಗೆಯಬೇಕು. ಝಡ್‌ಎಫ್‌ಎಸ್ ಹಳೆಯ ತುಂಡುಗಳ ಮೇಲೆ ಬರೆಯದೆ ಹೊಸ ಜಾಗದಲ್ಲಿ ಬರೆಯುವುದರಿಂದ ಇದು ಕ್ಷಣಮಾತ್ರದ ಕೆಲಸ. ಫೈಲುಗಳು ಮಂಗಳವಾರದವು, ಅವುಗಳ ಲೆಕ್ಕ ಸೋಮವಾರದ್ದು ಎಂದಾದರೆ ಎರಡೂ ಹೊಂದಲಾರವು. ಆದುದರಿಂದಲೇ ಒಂದೇ ಹೊತ್ತು. ಆದರೆ ಸ್ನ್ಯಾಪ್‌ಶಾಟ್ ಇರುವುದು ಅದೇ ಡಿಸ್ಕುಗಳಲ್ಲಿ. ಡಿಸ್ಕುಗಳೇ ಹೋದರೆ ಅದೂ ಹೋಗುವುದು. ಇನ್ನೊಂದು ಯಂತ್ರದಲ್ಲಿ ಅಥವಾ ನೆಂಟರ ಮನೆಯಲ್ಲಿರುವ ಡಿಸ್ಕಿನಲ್ಲಿ ಒಂದು ಪ್ರತಿಯಿರಬೇಕು. ಆರು ತಿಂಗಳಿಗೊಮ್ಮೆ ಆ ಪ್ರತಿಯಿಂದ ಹತ್ತು ಚಿತ್ರಗಳನ್ನಾದರೂ ಹೊರತೆಗೆದು, ಅವು ತೆರೆದುಕೊಳ್ಳುವುವೇ ಎಂದು ಕಣ್ಣಾರೆ ನೋಡಬೇಕು.